ಒಳಗಿನ ರೂಮಿಗೆ ವೈಫೈ ಯಾಕೆ ಬರಲ್ಲ?

ರಜೆಗೆ ಊರಿಗೆ ಹೋದ ಕೂಡಲೇ ನಮಗೆಲ್ಲ ಸಿಗುವ ಕೆಲಸ ಒಂದೇ: "ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಒಳಗಿನ ರೂಮಲ್ಲಿ ವೈಫೈ ಬರ್ತಿಲ್ಲ, ಸ್ವಲ್ಪ ನೋಡು." ಅಷ್ಟರಲ್ಲಿ ಮನೆಯವರು ತಿಂಗಳಿಗೆ ಇನ್ನಷ್ಟು ದುಡ್ಡು ಕಟ್ಟಿ ದೊಡ್ಡ ಪ್ಲಾನ್ ಹಾಕಿಸಿರ್ತಾರೆ. ದೊಡ್ಡ ಪ್ಲಾನಿನಿಂದ ಹೆಚ್ಚೋದು ರೂಟರಿನವರೆಗಿನ ವೇಗ ಮಾತ್ರ. ಅಲ್ಲಿಂದಾಚೆ ಗೋಡೆ ದಾಟುವ ಕಷ್ಟ ಹಾಗೇ ಉಳಿಯುತ್ತೆ. ಆ ರೂಮಲ್ಲೇ ಕೂತು ಪ್ಲೇಸ್‌ಮೆಂಟ್ ಟೆಸ್ಟ್ ಬರೆಯಬೇಕಾದವರಿಗೆ ಇದು ಸಣ್ಣ ವಿಷಯ ಅಲ್ಲ.

ಮೊದಲು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ ಮೂಲಕ ನೇರ ರೂಟರಿಗೆ ಜೋಡಿಸಿ ವೇಗ ನೋಡಿ. ಅಲ್ಲೂ ನಿಧಾನ ಇದ್ದರೆ ತೊಂದರೆ ಲೈನಿನದು, ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ. ಚೆನ್ನಾಗಿದ್ದರೆ ತೊಂದರೆ ರೇಡಿಯೋದ್ದು, ಅಂದರೆ ನಮ್ಮ ಪಾಲಿನದು.

ಈಗ ಅಳೆಯಬೇಕು. ಫೋನಿನ ಗೀಟುಗಳನ್ನು ನಂಬಬೇಡಿ. ವೈಫೈ ಅನಲೈಸರ್ ಥರದ ಆ್ಯಪ್ ಹಾಕಿಕೊಂಡು ಡಿಬಿಎಂ ನೋಡಿ. ರೂಟರ್ ಹತ್ತಿರ -40 ಆಸುಪಾಸು ಇರುತ್ತೆ. -65ರವರೆಗೆ ವಿಡಿಯೋ ಕಾಲ್ ಸಾಮಾನ್ಯವಾಗಿ ಸಲೀಸು, -80 ಆದರೆ ಕನೆಕ್ಷನ್ ಇದ್ದೂ ಇಲ್ಲದ ಹಾಗೆ. ಇದು ಲಾಗ್ ಅಳತೆ ಅನ್ನೋದು ಮರೆಯಬೇಡಿ: 3 ಡಿಬಿ ಇಳಿದರೆ ಪವರ್ ಅರ್ಧ, 10 ಇಳಿದರೆ ಹತ್ತನೇ ಒಂದು. -50 ಇದ್ದದ್ದು -80 ಆದರೆ ಸಾವಿರದ ಒಂದು ಭಾಗ ಉಳಿಯಿತು ಅಂತ. ಬಯಲಲ್ಲಿ ದೂರ ಎರಡರಷ್ಟಾದರೆ ಹೋಗೋದು 6 ಡಿಬಿ ಮಾತ್ರ. ಹಾಗಾಗಿ ಮನೆಯೊಳಗೆ ಸಿಗ್ನಲ್ ತಿನ್ನೋದು ದೂರಕ್ಕಿಂತ ಹೆಚ್ಚಾಗಿ ಗೋಡೆ, ಆರ್‌ಸಿಸಿ ತಾರಸಿ, ಕಬ್ಬಿಣದ ಬೀರು, ದೊಡ್ಡ ಕನ್ನಡಿ. ಕನ್ನಡಿಯ ಹಿಂದಿನ ಲೋಹದ ಲೇಪ ತರಂಗವನ್ನು ವಾಪಸ್ ಕಳಿಸುತ್ತೆ.

ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಫೈಬರ್ ವೈರು ಬಾಗಿಲ ಹತ್ತಿರ ಒಳಗೆ ಬರುತ್ತೆ, ರೂಟರ್ ಅಲ್ಲೇ ಟಿವಿ ಹಿಂದೆ ಶೋಕೇಸಿನಲ್ಲಿ ಅಡಗುತ್ತೆ. ಅರ್ಧ ಸಿಗ್ನಲ್ ಬೀದಿಗೆ! ಅದನ್ನು ಮನೆ ಮಧ್ಯಕ್ಕೆ, ಎದೆಮಟ್ಟಕ್ಕಿಂತ ಎತ್ತರದಲ್ಲಿ ತೆರೆದ ಜಾಗಕ್ಕೆ ತಂದು ಮತ್ತೆ ಅಳೆಯಿರಿ. ಆಂಟೆನಾವನ್ನು ರೂಮಿನ ಕಡೆಗೆ ಬಂದೂಕಿನ ಥರ ಗುರಿ ಇಡೋರಿದ್ದಾರೆ. ಡೈಪೋಲ್ ಪ್ಯಾಟರ್ನ್ ನೆನಪಿಸಿಕೊಳ್ಳಿ, ಅದು ಉದ್ದಿನವಡೆ. ಕಡ್ಡಿಯ ತುದಿಯ ದಿಕ್ಕಿನಲ್ಲಿ ವಡೆಯ ತೂತು. ಒಂದೇ ಮಹಡಿಯಾದರೆ ಆಂಟೆನಾ ನೆಟ್ಟಗೆ ನಿಲ್ಲಲಿ. ಮೇಲ್ಮಹಡಿಗೂ ಬೇಕಿದ್ದರೆ ಒಂದನ್ನು ಅಡ್ಡ ಮಲಗಿಸಿ.

ಡಿಬಿಎಂ ಚೆನ್ನಾಗಿದ್ದೂ ನಿಧಾನವಾದರೆ ಅಕ್ಕಪಕ್ಕದವರ ಗಲಾಟೆ ಇರಬಹುದು. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಒಂದೊಂದು ಆಕ್ರಮಿಸೋದು ಸುಮಾರು 20. ಅದಕ್ಕೇ 1, 6, 11 ಮಾತ್ರ ಒಂದರ ಮೇಲೊಂದು ಬೀಳದೆ ಕೂರುತ್ತವೆ. ಇವು ಮೂರೂ ಭರ್ತಿ ಅಂತ 3ಕ್ಕೆ ಹೋಗೋದು ಜಾಣತನ ಅಲ್ಲ. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಒಂದರ ಮಾತು ಇನ್ನೊಂದು ಕೇಳಿಸಿಕೊಂಡು ಸರದಿಯಲ್ಲಿ ಮಾತಾಡುತ್ತವೆ. ಅರ್ಧಂಬರ್ಧ ತಾಗಿದರೆ ಅದು ಬರೀ ಗದ್ದಲ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಹಾಲ್‌ಗೆ 5, ಒಳರೂಮಿಗೆ 2.4 ಅಂತ ಎರಡು ಹೆಸರಿಟ್ಟರೆ ಯಾವುದಕ್ಕೆ ಸೇರಿದ್ದೀವಿ ಅಂತ ಗೊತ್ತಾಗುತ್ತೆ.

ಇಷ್ಟಾದರೂ ಬರದಿದ್ದರೆ ರಿಪೀಟರ್. ಅದನ್ನು ಸಿಗ್ನಲ್ ಇಲ್ಲದ ರೂಮಲ್ಲೇ ಇಟ್ಟರೆ ಅದಕ್ಕೂ ಏನೂ ಕೇಳಿಸಲ್ಲ, ನಡುದಾರಿಯಲ್ಲಿಡಿ. ಒಂದೇ ಬ್ಯಾಂಡಿನ ರಿಪೀಟರ್ ಪ್ರತಿ ಮಾತನ್ನೂ ಎರಡು ಸಲ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತೆ. ಅದಕ್ಕಿಂತ ನಮಗೆ ಇಷ್ಟ, ಅಟ್ಟದಲ್ಲಿ ಬಿದ್ದಿರುವ ಹಳೇ ರೂಟರ್. ಅದರ ಐಪಿ ವಿಳಾಸವನ್ನು ಹೊಸದರ ಸಾಲಿನಲ್ಲೇ ಬೇರೆಯಾಗಿ ಕೊಟ್ಟು, ಡಿಎಚ್‌ಸಿಪಿ ಆಫ್ ಮಾಡಿ, ಒಳರೂಮಿನವರೆಗೆ ಕೇಬಲ್ ಎಳೆದು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿ, ವ್ಯಾನ್ ಪೋರ್ಟಿಗಲ್ಲ. ಈಥರ್ನೆಟ್ 100 ಮೀಟರ್‌ವರೆಗೆ ಎಳೆಯಬಹುದು, ಯಾವ ಮನೆಗೂ ಸಾಕು.