ಕೀಟೋನ್ ಅಂಕಿಗಿಂತ ಮೊದಲು ಮಾತ್ರೆ ಡಬ್ಬಿ ನೋಡು

ಮಗಾ, ಮೂತ್ರದಲ್ಲಿ ಅದ್ದಿದ ಪಟ್ಟಿ ಕಡು ನೇರಳೆಗೆ ತಿರುಗಿದ ಫೋಟೊ ಕಳಿಸಿ, ‘ದೊಡ್ಡಪ್ಪ, ಕೀಟೋ ಹಿಡೀತು’ ಅಂತ ಬರೆದಿದ್ದೀಯ. ಮೈ ಇಳಿಸಬೇಕೆಂಬ ನಿನ್ನ ಹಟ ನನಗೆ ಇಷ್ಟವೇ. ಚನ್ನಪಟ್ಟಣದಲ್ಲಿ ಬೆಳಗಿನ ರೈಲು ಹತ್ತಿ, ಬೆಂಗಳೂರಿನಲ್ಲಿ ದಿನವಿಡೀ ಕೂತು ದುಡಿದು, ರಾತ್ರಿ ಮನೆ ಸೇರುವವರಿಗೆ ಹೊಟ್ಟೆ ಬಾರದೆ ಇರುತ್ತದೆಯೇ? ಆದರೆ ಆ ಬಣ್ಣವನ್ನು ಪರೀಕ್ಷೆಯ ಅಂಕದ ಹಾಗೆ ಓದಬೇಡ. ಜಾಸ್ತಿ ಬಂದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಆ ಬಣ್ಣ ತೋರಿಸುವ ಕೀಟೋನ್ ನಮ್ಮ ಸೀಮೆಗೆ ಹೊಸದಲ್ಲ. ಡೇರಿಗೆ ಹಾಲು ಹಾಕುವ ಕನಕಪುರ, ಮಾಗಡಿ ಕಡೆಯ ಮನೆಗಳಲ್ಲಿ ಕೇಳಿ ನೋಡು. ಕರು ಹಾಕಿ ಮೂರ್ನಾಲ್ಕು ವಾರವಾದ, ಚೆನ್ನಾಗಿ ಹಾಲು ಕೊಡುತ್ತಿದ್ದ ಸೀಮೆಹಸು ಇದ್ದಕ್ಕಿದ್ದಂತೆ ಹಿಂಡಿ ಬೂಸ ಮುಟ್ಟುವುದಿಲ್ಲ. ಹಾಲು ಇಳಿಯುತ್ತದೆ, ಉಸಿರಿಗೆ ಒಂಥರಾ ಸಿಹಿ ವಾಸನೆ ಬರುತ್ತದೆ. ಹಾಲಿನೊಳಗಿನ ಸಕ್ಕರೆಗೆಂದು ಮೈಯ ಗ್ಲೂಕೋಸೆಲ್ಲ ಕೆಚ್ಚಲಿಗೆ ಹರಿಯುತ್ತದೆ, ತಿಂದ ಮೇವು ಅದನ್ನು ತುಂಬಿಕೊಡಲಾರದು. ಆಗ ಹಸು ತನ್ನ ಕೊಬ್ಬನ್ನೇ ಕರಗಿಸುತ್ತದೆ, ಲಿವರ್ ಆ ಕೊಬ್ಬಿನಿಂದ ಕೀಟೋನ್ ತಯಾರಿಸುತ್ತದೆ. ಪಶುವೈದ್ಯರು ಬಂದು ಗ್ಲೂಕೋಸ್ ಬಾಟಲಿ ಏರಿಸುತ್ತಾರೆ. ಹಸುವಿನ ರಕ್ತದಲ್ಲಿ ಕೀಟೋನ್ ಲೀಟರಿಗೆ 1.2 ಮಿಲಿಮೋಲ್ ದಾಟಿತೆಂದರೆ, ಹೊರಗೆ ಏನೂ ಕಾಣದಿದ್ದರೂ, ಕಾಯಿಲೆ ಶುರುವಾಗಿದೆ ಅಂತಲೇ ಲೆಕ್ಕ. ಅದೇ 1.2 ನಿನ್ನ ರಕ್ತದಲ್ಲಿ ಬಂದರೆ ಕೀಟೋ ಮಾಡುವ ಗೆಳೆಯರು ಭೇಷ್ ಅನ್ನುತ್ತಾರೆ. ಅಂಕಿ ಒಂದೇ. ಯಾರ ಮೈಯಲ್ಲಿ, ಯಾವ ಕಾರಣಕ್ಕೆ ಬಂತು ಅನ್ನುವುದನ್ನು ನೋಡದೆ ಅದಕ್ಕೆ ಅರ್ಥ ಹೇಳಲು ಬರುವುದಿಲ್ಲ.

ಮೂರು ಹೊತ್ತು ಉಣ್ಣುವ ಆರೋಗ್ಯವಂತರ ರಕ್ತದಲ್ಲಿ ಕೀಟೋನ್ ಸಾಮಾನ್ಯವಾಗಿ 0.5ಕ್ಕಿಂತ ಕೆಳಗೇ ಇರುತ್ತದೆ. ಕೀಟೋ ಪಥ್ಯದಲ್ಲಿ ಮಾಡುವಂತೆ ಕಾರ್ಬೋಹೈಡ್ರೇಟನ್ನು ದಿನಕ್ಕೆ 20ರಿಂದ 50 ಗ್ರಾಂಗೆ ಇಳಿಸಿದರೆ ಕೆಲವೇ ದಿನಗಳಲ್ಲಿ 0.5ರಿಂದ 3ರ ನಡುವೆ ಬಂದು ನಿಲ್ಲುತ್ತದೆ. ನಿಲ್ಲುತ್ತದೆ ಅಂದೆನಲ್ಲ, ಅದನ್ನು ನಿಲ್ಲಿಸುವುದು ಇನ್ಸುಲಿನ್. ಕೊಬ್ಬು ಮಿತಿಮೀರಿ ಕರಗದಂತೆ ಅದು ತಡೆ ಹಾಕುತ್ತದೆ. ಇನ್ಸುಲಿನ್ ಸಾಕಷ್ಟು ಇಲ್ಲದ ಸಕ್ಕರೆ ಕಾಯಿಲೆಯವರಿಗೆ ಆ ತಡೆ ಇಲ್ಲ. ಅವರಲ್ಲಿ ಅಂಕಿ 10ನ್ನೂ ದಾಟಿ ಹೋಗಬಹುದು, ರಕ್ತ ಆಮ್ಲವಾಗಿ ಪ್ರಾಣಕ್ಕೇ ಬರಬಹುದು. ಅಂಥವರಿಗೆ 1.5 ದಾಟಿದರೆ ಡಾಕ್ಟರಿಗೆ ಫೋನ್ ಮಾಡಬೇಕು, 3 ದಾಟಿದರೆ ಆಸ್ಪತ್ರೆಗೆ ಹೊರಟುಬಿಡಬೇಕು.

ನಿನ್ನ ಪಟ್ಟಿಯ ವಿಷಯ. ಅದು ಅಳೆಯುವುದು ಅಸಿಟೋಅಸಿಟೇಟ್ ಎಂಬ ಒಂದು ಕೀಟೋನನ್ನು ಮಾತ್ರ. ರಕ್ತದಲ್ಲಿ ಹೆಚ್ಚಾಗಿರುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಅದಕ್ಕೆ ಕಾಣುವುದೇ ಇಲ್ಲ. ನೀರು ಕಮ್ಮಿ ಕುಡಿದ ದಿನ ಮೂತ್ರ ಗಟ್ಟಿಯಾಗಿ ಬಣ್ಣ ಕಡುವಾಗುತ್ತದೆ. ಕೆಲವು ವಾರ ಕಳೆದ ಮೇಲೆ ಮೈ ಒಗ್ಗಿಕೊಂಡು ಬಣ್ಣ ತಾನಾಗಿಯೇ ಮಾಸಬಹುದು. ಆಗ ಗಾಬರಿಯಾಗಿ ಇನ್ನಷ್ಟು ಉಪವಾಸ ಕೂರಬೇಡ. ಇನ್ನೊಂದು ಮಾತು. ನೀನು ತಿಂದ ತುಪ್ಪ, ಕೊಬ್ಬರಿ ಎಣ್ಣೆಯಿಂದಲೂ ಕೀಟೋನ್ ಆಗುತ್ತದೆ. ಪಟ್ಟಿ ನೇರಳೆಯಾಯಿತು ಎಂದ ಮಾತ್ರಕ್ಕೆ ಹೊಟ್ಟೆಯ ಕೊಬ್ಬು ಕರಗುತ್ತಿದೆ ಎಂದಲ್ಲ. ಮೊದಲ ವಾರ ತಕ್ಕಡಿಯಲ್ಲಿ ಇಳಿದದ್ದರಲ್ಲೂ ಬಹುಪಾಲು ನೀರೇ. ತಲೆನೋವು, ಸುಸ್ತು, ಮೀನಖಂಡ ಹಿಡಿದುಕೊಳ್ಳುವುದು ಎಲ್ಲ ಆ ನೀರಿನ ಜೊತೆ ಉಪ್ಪೂ ಹೋಗುವುದರಿಂದ ಆಗುವಂಥದ್ದು.

ಈ ಪಥ್ಯ ಹುಟ್ಟಿದ್ದೂ ಮೈ ಇಳಿಸಲಿಕ್ಕಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಡಾ. ರಸೆಲ್ ವೈಲ್ಡರ್ ಮೂರ್ಛೆರೋಗಕ್ಕೆಂದು ಇದನ್ನು ಸೂಚಿಸಿದರು. ಔಷಧಿಗೆ ಬಗ್ಗದ ಮೂರ್ಛೆ ಇರುವ ಮಕ್ಕಳಿಗೆ ಇಂದಿಗೂ ಕೊಡುತ್ತಾರೆ, ಡಾಕ್ಟರ ಕಣ್ಗಾವಲಿನಲ್ಲಿ, ಗ್ರಾಂ ಲೆಕ್ಕದಲ್ಲಿ ತೂಗಿ. ಆ ಮಕ್ಕಳಿಗೆ ಕೀಟೋನ್ ಅಂಕಿ ಬೇಕೇಬೇಕು. ನಿನಗೆ ಬೇಕಾದದ್ದು ಸೊಂಟದ ಸುತ್ತಳತೆ.

ನಮ್ಮ ಊಟದ ಲೆಕ್ಕವನ್ನೂ ಹೇಳುತ್ತೇನೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಹತ್ತಿರ ಹತ್ತಿರ 70 ಗ್ರಾಂ ಕಾರ್ಬೋಹೈಡ್ರೇಟ್. ಒಂದು ದೊಡ್ಡ ಮುದ್ದೆ ಮುರಿದರೆ ಕೀಟೋದ ದಿನದ ಬಾಬತ್ತು ಅಲ್ಲಿಗೇ ಮುಗಿಯಿತು. ಮಾಗಡಿ ಅವರೆಕಾಯಿ, ಹುರುಳಿಕಾಳಿನ ಬಸ್ಸಾರು, ರಾಮನಗರದ ಮಾವು ಯಾವುದಕ್ಕೂ ಜಾಗ ಉಳಿಯದು. ಅದೇ ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಜೊತೆಗೆ ನಾರು ಇದೆ. ಮುದ್ದೆ ಬಿಟ್ಟವನು ಅವೆರಡನ್ನೂ ಬೇರೆ ಕಡೆಯಿಂದ ತರಬೇಕು. 2018ರಲ್ಲಿ ಸ್ಟ್ಯಾನ್‌ಫರ್ಡ್‌ನವರು 609 ಜನರಲ್ಲಿ ಕೆಲವರಿಗೆ ಕಡಿಮೆ ಕೊಬ್ಬಿನ, ಉಳಿದವರಿಗೆ ಕಡಿಮೆ ಕಾರ್ಬಿನ ಊಟ ಹೇಳಿ ಒಂದು ವರ್ಷ ನೋಡಿದರು. ತೂಕ ಇಳಿದದ್ದರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನ್ನನ್ನು ಕೇಳಿದರೆ ಮುದ್ದೆ ಅರ್ಧಕ್ಕೆ ಇಳಿಸು, ಅನ್ನ ಬಿಡು, ಸೊಪ್ಪು ಕಾಳು ಎರಡು ಸೌಟು ಹೆಚ್ಚು ಹಾಕಿಸಿಕೋ, ನಾಟಿಕೋಳಿ ಸಾರು ಇದ್ದ ದಿನ ತುಂಡನ್ನೇ ಹೊಟ್ಟೆ ತುಂಬ ತಿನ್ನು. ಇಲ್ಲ, ಕೀಟೋ ಪಥ್ಯವನ್ನೇ ಮಾಡುತ್ತೇನೆ ಅಂದರೆ ಮೊದಲು ರಕ್ತ, ಕಿಡ್ನಿ, ಲಿವರ್ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ಹೇಳಿಯೇ ಮಾಡು.

ನಿನಗಿಂತ ಹೆಚ್ಚು ಚಿಂತೆ ನನಗೆ ಮನೆಯವರದು. ಮಗ ಇಳಿದದ್ದು ನೋಡಿ ನಿಮ್ಮಪ್ಪನೂ ಮುದ್ದೆ ಬಿಡುವ ಮಾತಾಡುತ್ತಿದ್ದಾನಂತೆ. ಅವನಿಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ನುಂಗುತ್ತಾನೆ. ನಿಮ್ಮಕ್ಕ ಮಗುವಿಗೆ ಹಾಲೂಡಿಸುವ ಬಾಣಂತಿ. ಮೇಲೆ ಹಸುವಿನ ವಿಷಯ ಹೇಳಿದೆನಲ್ಲ, ಅದರಂತೆಯೇ ಹಾಲೂಡಿಸುವ ತಾಯಂದಿರು ಕಾರ್ಬ್ ಪೂರಾ ಬಿಟ್ಟು ರಕ್ತ ಆಮ್ಲವಾಗಿ ಆಸ್ಪತ್ರೆ ಸೇರಿದ ಪ್ರಸಂಗಗಳು ವೈದ್ಯರ ದಾಖಲೆಯಲ್ಲಿವೆ. ಅವಳ ಹತ್ತಿರ ಈ ಪಥ್ಯದ ಮಾತೇ ಎತ್ತಬೇಡ.

ನಿಮ್ಮಪ್ಪನ ಮಾತ್ರೆ ಡಬ್ಬಿ ತೆಗೆದು ಹೆಸರು ಓದು. ಗ್ಲಿಮೆಪಿರೈಡ್ ಇದ್ದರೆ ಅಥವಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರೆ, ಮುದ್ದೆ ಬಿಟ್ಟ ದಿನವೇ ಸಕ್ಕರೆ ಕುಸಿದು ಬಿದ್ದಾನು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೀಗೆ ‘ಗ್ಲಿಫ್ಲೋಜಿನ್’ ಅಂತ ಕೊನೆಯಾಗುವ ಹೆಸರು ಕಂಡರೆ ಇನ್ನೂ ಎಚ್ಚರ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಮಾತ್ರೆಗಳು ಅವು, ತಾನಾಗಿ ನಿಲ್ಲಿಸಬಾರದು. ಆದರೆ ಅವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ, ಊಟದಲ್ಲಿ ಕಾರ್ಬ್ ಕೂಡ ಇಲ್ಲದೆ ಹೋದರೆ ರಕ್ತದ ಸಕ್ಕರೆ ಮಾಮೂಲಾಗಿ ಕಾಣುತ್ತಿರುವಾಗಲೇ ಕೀಟೋನ್ ಏರಿಬಿಡಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ವಾಂತಿ, ಹೊಟ್ಟೆನೋವು, ಏದುಸಿರು, ಮಂಕು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯದೆ ಹತ್ತಿರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು. ಶುಗರ್ 160 ಇದೆ, ಗ್ಯಾಸ್ಟ್ರಿಕ್ ಇರಬೇಕು ಅಂತ ಯಾರಾದರೂ ಅಂದರೆ ಅಷ್ಟಕ್ಕೆ ಸುಮ್ಮನಾಗಬೇಡ. ಮಾತ್ರೆಯ ಹಾಳೆ ತೋರಿಸಿ, ರಕ್ತದಲ್ಲಿ ಕೀಟೋನ್ ನೋಡಿ ಅಂತ ನೀನೇ ಬಾಯಿಬಿಟ್ಟು ಕೇಳು.