ಕೈಗೊಡಲಿಯ ಫೋಟೊ ಮಸುಕಾಗುವುದೇಕೆ?

ಪ್ರಶ್ನೆ: ಹುಣಸಗಿ ಹತ್ತಿರದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳನ್ನು ಇಸಾಂಪುರಕ್ಕೆ ಕರೆದುಕೊಂಡು ಹೋಗಿ ಆದಿಮಾನವರ ಕಲ್ಲಿನ ಆಯುಧಗಳ ಫೋಟೊ ತೆಗೆಸಿದೆ. ಈಗ ಮೊಬೈಲ್‌ನಲ್ಲೇ ಗೂಗಲ್ ಡಾಕ್ಸ್ ತೆರೆದು ಪುಸ್ತಿಕೆ ಮಾಡುತ್ತಿದ್ದೇವೆ. ಫೋಟೊ ಸೇರಿಸಿದ ಕೂಡಲೇ ಸಾಲುಗಳು ಚೆಲ್ಲಾಪಿಲ್ಲಿ ಆಗುತ್ತವೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರೆ ಕಲ್ಲುಗಳೆಲ್ಲ ಮಸುಕು. ಏನು ಮಾಡಲಿ?

ಉತ್ತರ: ಮಾಸ್ತರೇ, ಮೊದಲು ಮಸುಕಿನ ಮಾತು. ಮಕ್ಕಳು ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿರಬೇಕು. ತೊಂದರೆ ಅಲ್ಲಿಂದಲೇ ಶುರು. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ ಉದ್ದಕ್ಕೆ ಸುಮಾರು 4,000 ಚುಕ್ಕಿ ಇರುತ್ತದೆ. ವಾಟ್ಸಾಪ್ ಅದನ್ನು ಸಾಮಾನ್ಯವಾಗಿ 1,600ರ ಆಸುಪಾಸಿಗೆ ಕುಗ್ಗಿಸುತ್ತದೆ. ಇಡೀ ಫೋಟೊವನ್ನು ಎ4 ಹಾಳೆಯಲ್ಲಿ ಆರು ಇಂಚು ಅಗಲಕ್ಕೆ ಹಾಕಿದರೆ ಇಂಚಿಗೆ 260ಕ್ಕೂ ಹೆಚ್ಚು ಚುಕ್ಕಿ ಸಿಗುತ್ತವೆ, ಅಷ್ಟು ಸಾಕು. ಆದರೆ ಕಲ್ಲು ಫೋಟೊದ ಕಾಲು ಭಾಗದಷ್ಟು ಅಗಲ ಮಾತ್ರ ಇದ್ದು, ಅದನ್ನೇ ಕತ್ತರಿಸಿ ಹಿಗ್ಗಿಸಿದಿರೋ, ಉಳಿಯುವುದು 400 ಚುಕ್ಕಿ. ಇಂಚಿಗೆ 70 ಕೂಡ ಬೀಳುವುದಿಲ್ಲ. ಆಗ ಕಲ್ಲಿನ ಮೇಲಿನ ಪೆಟ್ಟಿನ ಗುರುತುಗಳು ಅಳಿಸಿಹೋಗುತ್ತವೆ. ಇದು ಕೈಗೊಡಲಿ, ಬರೀ ಹೊಲದ ಕಲ್ಲಲ್ಲ ಎಂದು ಹೇಳುವುದೇ ಆ ಗುರುತುಗಳು! ಹಾಗಾಗಿ ಫೋಟೊವನ್ನು ವಾಟ್ಸಾಪ್‌ನಲ್ಲೇ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಮೂಲ ಫೋಟೊ ಇದ್ದ ಹಾಗೇ ಬರುತ್ತದೆ.

ಕತ್ತರಿಸುವುದು, ನೆಟ್ಟಗೆ ತಿರುಗಿಸುವುದು, ಬೆಳಕು ಹೆಚ್ಚಿಸುವುದು ಎಲ್ಲ ಗ್ಯಾಲರಿಯಲ್ಲೇ ಮುಗಿಯಲಿ. ತಿದ್ದಿದ್ದನ್ನು ಬೇರೆ ಪ್ರತಿಯಾಗಿ ಉಳಿಸಿ, ಮೂಲವನ್ನು ಮುಟ್ಟಬೇಡಿ. ಆಮೇಲೆ ಡಾಕ್ಸ್‌ನಲ್ಲಿ ಪೆನ್ಸಿಲ್ ಗುರುತು ಒತ್ತಿ, ಖಾಲಿ ಸಾಲಿನಲ್ಲಿ ಬೆರಳಿಟ್ಟು, ಮೇಲಿನ ಕೂಡಿಸುವ ಚಿಹ್ನೆಯಿಂದ ‘ಇಮೇಜ್’ ಆರಿಸಿ. ಫೋಟೊ ಮುಟ್ಟಿದರೆ ಸುತ್ತ ಸಣ್ಣ ಹಿಡಿಕೆಗಳು ಕಾಣುತ್ತವೆ. ಮೂಲೆಯದನ್ನು ಹಿಡಿದೇ ಎಳೆಯಿರಿ, ಬದಿಯದನ್ನು ಎಳೆದರೆ ಕಲ್ಲು ಚಪ್ಪಟೆಯಾಗುತ್ತದೆ. ಸಾಲು ಚೆದುರದಿರಲು ಫೋಟೊದ ಆಯ್ಕೆಗಳಲ್ಲಿ ‘ಇನ್ ಲೈನ್’ ಇಡಿ. ಎರಡು ಫೋಟೊ ಅಕ್ಕಪಕ್ಕ ಬೇಕಾದರೆ ಎರಡು ಕಂಬಸಾಲಿನ ಟೇಬಲ್ ಹಾಕಿ ಒಂದೊಂದು ಮನೆಯಲ್ಲಿ ಒಂದೊಂದನ್ನು ಕೂರಿಸಿ. ಅಂಗಡಿಗೆ ಪಿಡಿಎಫ್ ಮಾಡಿಯೇ ಒಯ್ಯಿರಿ.

ಇನ್ನೊಂದು ಮಾತು, ಇದು ಮೊಬೈಲ್‌ಗಿಂತ ದೊಡ್ಡದು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ಹುಣಸಗಿ–ಬೈಚಬಾಳ ಕಣಿವೆಯಲ್ಲಿ ದಶಕಗಳ ಕಾಲ ದುಡಿದರು. ಇಸಾಂಪುರದಲ್ಲಿ ಅಗೆದಾಗ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಆಯುಧ ಮಾಡಿದ ಜಾಗವೇ ಸಿಕ್ಕಿತು. ಪ್ರಾಣಿಯ ಹಲ್ಲಿನ ಪರೀಕ್ಷೆಯಿಂದ ಅದಕ್ಕೆ ಸುಮಾರು 12 ಲಕ್ಷ ವರ್ಷ ಎಂಬ ಲೆಕ್ಕ ಬಂತು. ಅಂಥ ಕಲ್ಲಿನ ಫೋಟೊ ತೆಗೆಯುವಾಗ ಪಕ್ಕದಲ್ಲಿ ಮಕ್ಕಳ ಕಂಪಾಸ್ ಬಾಕ್ಸಿನ ಅಳತೆಪಟ್ಟಿ ಇಡಿಸಿ. ಇಲ್ಲದಿದ್ದರೆ ಕಲ್ಲು ಅಂಗೈಯಷ್ಟೋ ಬೀಸುವ ಕಲ್ಲಿನಷ್ಟೋ ತಿಳಿಯದು. ಬೆಳಗಿನ ಓರೆ ಬಿಸಿಲಲ್ಲಿ ತೆಗೆದರೆ ಪೆಟ್ಟಿನ ಅಂಚುಗಳು ಎದ್ದು ಕಾಣುತ್ತವೆ. ಕಲ್ಲನ್ನು ಮಾತ್ರ ಎತ್ತಿಕೊಂಡು ಬರಬೇಡಿ. ಎಲ್ಲಿ ಬಿದ್ದಿತ್ತು ಎಂಬುದೇ ಅದರ ಅರ್ಧ ಇತಿಹಾಸ.

ಪ್ರಶ್ನೆ: ಕೊಡೇಕಲ್‌ನ ಪದವಿ ವಿದ್ಯಾರ್ಥಿನಿ ನಾನು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಮೊಬೈಲ್‌ನಲ್ಲಿ ಓದಲು ಬರುವುದಿಲ್ಲ. ಕಂಪ್ಯೂಟರ್ ಪರದೆಯ ಫೋಟೊ ತೆಗೆದು ಡಾಕ್ಯುಮೆಂಟಿಗೆ ಅಂಟಿಸುತ್ತಿದ್ದೇನೆ. ಸರಿಯೇ?

ಉತ್ತರ: ಬೇಡಮ್ಮ. ಚಿತ್ರವಾದ ಅಕ್ಷರವನ್ನು ಹುಡುಕಲಾಗದು, ತಿದ್ದಲಾಗದು. ಕಣ್ಣು ಕಾಣದ ಸಹಪಾಠಿ ಯಾರಾದರೂ ಇದ್ದರೆ ಅವರ ಮೊಬೈಲ್ ಅದನ್ನು ಓದಿ ಹೇಳುವುದೂ ಕಷ್ಟ. ಅದೇ ಕಂಪ್ಯೂಟರಿನಲ್ಲಿ ನುಡಿಯ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಅಲ್ಲಲ್ಲಿ ತಪ್ಪು ಉಳಿಯುವುದುಂಟು.