ನೋಂಪಿಯ ಉದ್ಯಾಪನೆಯೂ ಅನರ್ಥದಂಡ ವಿರತಿಯೂ

ನೋಂಪಿಯನ್ನು ಕೈಕೊಳ್ಳುವ ವಿಧಿಯನ್ನು ಶ್ರಾವಕ ಬಂಧುಗಳು ಬಲ್ಲರು. ಉಪವಾಸ, ಅಭಿಷೇಕ, ಅಷ್ಟವಿಧಾರ್ಚನೆ, ಕಥಾಶ್ರವಣ ಇವುಗಳಲ್ಲಿ ಲೋಪ ಬಾರದಂತೆ ವರ್ಷಗಟ್ಟಲೆ ಎಚ್ಚರ ವಹಿಸುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಆದರೆ ಉದ್ಯಾಪನೆಯ ದಿನ ಬಂದೊಡನೆ ಆ ಎಚ್ಚರವು ಎಲ್ಲಿ ಅಡಗುತ್ತದೆಯೋ ತಿಳಿಯದು. ಉದ್ಯಾಪನೆಯ ಏರ್ಪಾಡು ವ್ರತದ ಹೊರಗಿನದಲ್ಲ, ಅದರ ಅಂಗವೇ ಆಗಿದೆ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಮೊದಲು ನನ್ನ ಮನೆಯ ದೋಷವನ್ನೇ ಹೇಳುವೆನು. ನನ್ನ ಧರ್ಮಪತ್ನಿಯು ಅನಂತನ ನೋಂಪಿಯನ್ನು 14 ವರ್ಷ ನಡೆಸಿದಳು. ಭಾದ್ರಪದ ಶುಕ್ಲ ಚತುರ್ದಶಿಯಂದು ಉದ್ಯಾಪನೆ, ಮರುದಿನ ಪಾರಣೆ ಮತ್ತು ಸಂಘಭೋಜನ. ಬರತಕ್ಕವರು 300 ಮಂದಿ. ನಾನು 500 ಮಂದಿಗೆ ಪಟ್ಟಿ ಬರೆದೆನು. ಕಡಿಮೆ ಬಿದ್ದರೆ ಮಾನ ಹೋದೀತೆಂಬ ಭಯ. ಅದರ ಮರುದಿನ ಬೆಳಿಗ್ಗೆ ಆಕೆ ಬಸದಿಯ ಹಿಂಭಾಗಕ್ಕೆ ಹೋದಾಗ ಅಲ್ಲಿ ಕಾಗದದ ಲೋಟಗಳ ರಾಶಿ ಬಿದ್ದಿತ್ತು. ಲೋಟಗಳ ತಳದ ಪಾಯಸದಲ್ಲಿ ಇರುವೆಗಳು ಸತ್ತು ತೇಲುತ್ತಿದ್ದವು. ಮಳೆಯಲ್ಲಿ ನೆನೆದ ಅನ್ನಕ್ಕೆ ನೊಣಗಳು ಮುತ್ತಿದ್ದವು. “ಹದಿನಾಲ್ಕು ವರ್ಷ ನೀರು ಸೋಸಿ ಕುಡಿದೆನಲ್ಲ, ಇದನ್ನು ಯಾರ ಲೆಕ್ಕದಲ್ಲಿ ಬರೆಯುತ್ತೀರಿ?” ಎಂದು ಆಕೆ ಕೇಳಿದಳು. ಅಡುಗೆಯವರ ಲೆಕ್ಕದಲ್ಲಿ ಬರೆಯುವಂತಿರಲಿಲ್ಲ. ಪಟ್ಟಿ ಬರೆದವನು ನಾನೇ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಎಷ್ಟೋ ಸಲ ಪಾಠ ಹೇಳಿದ್ದೆನು. ಅನರ್ಥದಂಡ ವಿರತಿಯ ಐದು ಅತಿಚಾರಗಳಲ್ಲಿ ಅಸಮೀಕ್ಷ್ಯಾಧಿಕರಣ ಎಂಬುದೊಂದು. ಪ್ರಯೋಜನವೆಷ್ಟೆಂದು ವಿಚಾರಿಸದೆ ಕಾರ್ಯವನ್ನು ಬೆಳೆಸುವುದು ಎಂದು ಅದರ ತಾತ್ಪರ್ಯ. ಉಪಭೋಗಪರಿಭೋಗಾನರ್ಥಕ್ಯ ಎಂಬುದು ಇನ್ನೊಂದು. ಬೇಕಾದುದಕ್ಕಿಂತ ಹೆಚ್ಚು ಭೋಗವಸ್ತುಗಳನ್ನು ಕೂಡಿಹಾಕುವುದು. 300 ಮಂದಿಗೆ 500 ಎಲೆಯ ಅಡುಗೆ ಇವೆರಡಕ್ಕೂ ಉದಾಹರಣೆ. ಅಷ್ಟೇ ಅಲ್ಲ, ಪ್ರೋಷಧೋಪವಾಸದ ಅತಿಚಾರಗಳನ್ನು ನೋಡಿರಿ: ಕಣ್ಣಿಟ್ಟು ಪರೀಕ್ಷಿಸದೆ, ಮೃದುವಾಗಿ ಗುಡಿಸದೆ ನೆಲದ ಮೇಲೆ ಏನನ್ನಾದರೂ ವಿಸರ್ಜಿಸುವುದೇ ಅಲ್ಲಿ ಮೊದಲನೆಯ ದೋಷ. ಉಪವಾಸವಿದ್ದವರು ಬಿಸಾಡುವ ಜಾಗವನ್ನೂ ನೋಡಬೇಕೆಂದ ಶಾಸ್ತ್ರವು, ಅವರ ಉಪವಾಸದ ಹೆಸರಿನಲ್ಲಿ ಉಂಡ ಸಂಘದ ಎಂಜಲನ್ನು ಮರೆತೀತೇ?

ಪೂಜೆಯ ಆರಂಭದಲ್ಲಿ ಆಗುವ ದೋಷವು ಲೇಶಮಾತ್ರವೆಂದು ಸಮಂತಭದ್ರಾಚಾರ್ಯರೇ ಸ್ವಯಂಭೂಸ್ತೋತ್ರದಲ್ಲಿ ಹೇಳಿರುವರಲ್ಲ ಎಂದು ಕೆಲವರು ಆಕ್ಷೇಪಿಸುವರು. ನಿಜ. ಆದರೆ ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಸಸ್ಯ ಕಡಿಯುವುದು ಪ್ರಮಾದಚರ್ಯೆ ಎಂದವರೂ ಅವರೇ. ವಿನಾಯಿತಿ ಪೂಜೆಗೆ, ಆಡಂಬರಕ್ಕಲ್ಲ.

ಇನ್ನು ಏರ್ಪಾಡಿನ ಮಾತು. ಬರುವವರ ಎಣಿಕೆಯನ್ನು ಮನೆಮನೆಗೆ ಕೇಳಿ ಬರೆದುಕೊಂಡ ಮೇಲೆಯೇ ಅಕ್ಕಿ ಅಳೆಯಬೇಕು. ಸೋಸಿದ ನೀರಿಗೆ ಒಂದು ಮುಹೂರ್ತ, ಎಂದರೆ 48 ನಿಮಿಷದ ಮರ್ಯಾದೆ. ಮುಂಜಾನೆಯೇ ದೊಡ್ಡ ತೊಟ್ಟಿಯಲ್ಲಿ ಸೋಸಿಟ್ಟ ನೀರನ್ನು ಸಂಜೆಯವರೆಗೆ ಗಾಳಿತ ಜಲವೆನ್ನುವುದು ಆತ್ಮವಂಚನೆ. ಬೇಕಾದಾಗ ಬೇಕಾದಷ್ಟೇ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮೆಲ್ಲನೆ ಇಳಿಸಬೇಕು. ಅನ್ನ, ಬೇಳೆಯ ಪದಾರ್ಥಗಳಿಗೆ ಎರಡು ಪ್ರಹರ ಮಾತ್ರ. ಆದುದರಿಂದ ಉಳಿದುದನ್ನು ನಾಳೆ ನೋಡೋಣ ಎನ್ನುವಂತಿಲ್ಲ. ಯಾರಿಗೆ ಕೊಡುವುದೆಂದು ಮುಂಚೆಯೇ ಗೊತ್ತುಮಾಡಿ, ಬಿಸಿಯಿರುವಾಗಲೇ ಮುಟ್ಟಿಸಬೇಕು. ಹಗಲಿನಲ್ಲೇ ಎಲ್ಲವೂ ಮುಗಿದರೆ ಸಾಲುದೀಪಗಳೂ ಬೇಡ, ಅವುಗಳಿಗೆ ಮುತ್ತುವ ಹುಳುಗಳ ಹಿಂಸೆಯೂ ಇಲ್ಲ.

ತಟ್ಟೆಯ ವಿಷಯದಲ್ಲಿ ಚರ್ಚೆಯುಂಟು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶದಲ್ಲೆಲ್ಲ ನಿಷೇಧವಿದೆ. ಜನರು ಕಾಗದದ ಲೋಟಕ್ಕೆ ತಿರುಗಿದರು. ಅದರ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಲೇಪವಿರುತ್ತದೆ. ಹಸಿ ಬಾಳೆಯೆಲೆ ಕಡಿಯುವುದಕ್ಕೆ ಪರ್ವದಿನಗಳಲ್ಲಿ ಅನೇಕರು ಹಿಂಜರಿಯುವರು. ಮುತ್ತುಗದ ಒಣಎಲೆ, ಅಡಕೆಯ ಹಾಳೆ ಒಳ್ಳೆಯವೇ. ಆದರೆ ಹುಳು, ಬೂಸಲು ಇಲ್ಲವೆಂದು ನೋಡಿಯೇ ಹಾಕಬೇಕು. ನನ್ನ ಮತ ಬಸದಿಯ ಉಕ್ಕಿನ ತಟ್ಟೆಗಳ ಕಡೆಗೆ. ತೊಳೆಯಲು ನೀರು ಬೇಡವೇ ಎಂದು ಕೇಳಬಹುದು. ಬೇಕು. ಎಂಜಲು ಬಿಡದೆ ಉಂಡು ತಟ್ಟೆಯನ್ನು ಮೊದಲು ಒರೆಸಿದರೆ ಆ ನೀರು ಬಹಳ ಕಡಿಮೆಯಾಗುತ್ತದೆ.

ವೈಭವವಿಲ್ಲದೆ ಉದ್ಯಾಪನೆಯ ಫಲವುಂಟೇ ಎಂಬ ಶಂಕೆಗೆ ನಮ್ಮ ವ್ರತವಿಧಾನಗಳಲ್ಲಿಯೇ ಸಮಾಧಾನವಿದೆ. ಉದ್ಯಾಪನೆಗೆ ಶಕ್ತಿಯಿಲ್ಲದವರು ನೋಂಪಿಯನ್ನು ಇಮ್ಮಡಿ ಕಾಲ ಆಚರಿಸಲಿ ಎಂದು ಅವು ವಿಧಿಸುತ್ತವೆ. ಹಣದ ಬದಲಿಗೆ ಕೇಳಿರುವುದು ಸಂಯಮವನ್ನು, ಸಾಲವನ್ನಲ್ಲ. ಶಕ್ತಿಯುಳ್ಳವರು ಏನು ಮಾಡಿದರು? ಮಲ್ಲಿಕಬ್ಬೆ ಎಂಬ ಶ್ರಾವಕಿ ತನ್ನ ಶ್ರೀಪಂಚಮೀ ನೋಂಪಿಯ ಉದ್ಯಾಪನೆಗಾಗಿ ಮಹಾಬಂಧವನ್ನು ತಾಡವೋಲೆಯಲ್ಲಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದುಬಂದ ಆ ಓಲೆಗಳಿಂದಲೇ ಸಿದ್ಧಾಂತಗ್ರಂಥವು ನಮ್ಮ ಕಾಲದಲ್ಲಿ ಮುದ್ರಣವನ್ನು ಕಂಡಿತು. ಅಂದು ಎಷ್ಟು ಮಂದಿ ಉಂಡರೆಂಬುದು ಯಾರಿಗೂ ತಿಳಿಯದು.

ಕಳೆದ ಭಾದ್ರಪದದಲ್ಲಿ ಬಂಧುಗಳೊಬ್ಬರ ಮನೆಯ ಉದ್ಯಾಪನೆಗೆ ಪಟ್ಟಿ ಬರೆಯಲು ನನ್ನನ್ನೇ ಕರೆದರು. ನನ್ನಾಕೆ ಪಕ್ಕದಲ್ಲಿ ಕುಳಿತಿದ್ದಳು. ಅಕ್ಕಿ, ಬೇಳೆ, ಬೆಲ್ಲದ ಸಾಲುಗಳು ಮುಗಿದ ಮೇಲೆ “ಊಟವಾದ ಬಳಿಕ ಹಿತ್ತಿಲು ನೋಡತಕ್ಕವರು” ಎಂದು ಒಂದು ಸಾಲನ್ನು ಸೇರಿಸಹೇಳಿ, ಅದರ ಮುಂದೆ ನನ್ನ ಹೆಸರನ್ನು ಬರೆಯಿಸಿದಳು.